ಗುರುತಿನ ಗೀಳು

ಸಣ್ಣ ಅಂಗಡಿಗಳಿಗೆ ಲೋಗೋ ಬರೆದುಕೊಡುವುದು ನನಗಂಟಿದ ಗೀಳು. ಬೇಕರಿ, ಟೈಲರ್ ಅಂಗಡಿ, ಸೈಕಲ್ ಶಾಪು, ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುವವರು, ಯಾರು ಕೇಳಿದರೂ ಇಲ್ಲವೆನ್ನಲಾರೆ. ಕಾಸು ಕೊಟ್ಟರೆ ಸಂತೋಷ. ಕೊಡದಿದ್ದರೆ ಒಂದು ಬಾಟಲಿ ಮಿಡಿ ಉಪ್ಪಿನಕಾಯಿಗೂ ರಾಜಿಯಾಗುತ್ತೇನೆ.

ಕೇಳಿಕೊಂಡು ಬರುವವರಿಗೆ ಎಲ್ಲವೂ ಬೇಕು. ‘ಸಾರ್, ರಾಗಿ ತೆನೆ ಇರಲಿ, ಗೋಧಿ ಇರಲಿ, ಮೆಷಿನ್ನೂ ಕಾಣಲಿ. ಮೇಲೆ ಗಣಪತಿ, ಕೆಳಗೆ ನಮ್ಮಪ್ಪನ ಹೆಸರು’ ಎನ್ನುತ್ತಾರೆ ಹಿಟ್ಟಿನ ಗಿರಣಿಯವರು. ಇಷ್ಟನ್ನೂ ತುರುಕಿದರೆ ಮದುವೆ ಕರೆಯೋಲೆಯಾದೀತು. ನಾನು ತಲೆಯಾಡಿಸುತ್ತಲೇ ಒಂದೊಂದನ್ನು ಕಳಚುತ್ತೇನೆ. ಗಣಪತಿ ಗಲ್ಲಾಪೆಟ್ಟಿಗೆಯ ಮೇಲಿದ್ದರೇ ಲಕ್ಷಣ ಎಂದರೆ ಒಪ್ಪುತ್ತಾರೆ. ಮೆಷಿನ್ನು, ಗೋಧಿಯೂ ಹೋಗಿ ಕೊನೆಗೆ ಉಳಿಯುವುದು ರಾಗಿ ತೆನೆ: ಒಳಕ್ಕೆ ಮಡಚಿಕೊಂಡ ಐದು ದಪ್ಪ ಗೆರೆ. ರಾಗಿ ತಿಂದ ಊರಿನಲ್ಲಿ ಅಷ್ಟು ಸಾಕು.

ಅಕ್ಷರದ ಕೆಲಸ ಇನ್ನೂ ರುಚಿ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರಕ್ಕೆ ಸಾಲಾಗಿ ನಿಲ್ಲುತ್ತವೆ. ನಮ್ಮಲ್ಲಿ ಗುಡಿಸು ಮೇಲೇರುತ್ತದೆ, ಒತ್ತಕ್ಷರ ಕೆಳಗಿಳಿಯುತ್ತದೆ. ‘ಹಿಟ್ಟು’ ಎಂದು ಬರೆದು ರಬ್ಬರ್ ಸ್ಟ್ಯಾಂಪಿಗೆ ಇಳಿಸಿ ನೋಡಿ. ‘ಟ’ ಒತ್ತಿನ ಪುಟ್ಟ ಸುರುಳಿಯಲ್ಲಿ ಶಾಯಿ ಕೂತು ಬರೀ ಚುಕ್ಕೆ ಉಳಿಯುತ್ತದೆ. ಒತ್ತನ್ನು ತುಸು ದೊಡ್ಡದು ಮಾಡಬೇಕು, ಸುರುಳಿಯ ಹೊಟ್ಟೆ ಹಿಗ್ಗಿಸಬೇಕು, ಗುಡಿಸನ್ನು ಇಳಿಸಬೇಕು. ಅರ್ಧ ಮಿಲಿಮೀಟರನ್ನು ಆಚೀಚೆ ಸರಿಸುತ್ತಾ ಕೂತರೆ ಒಲೆಯ ಮೇಲಿನ ಹಾಲಿನ ಗೊಡವೆಯೂ ಇರುವುದಿಲ್ಲ.

ಬಲ್ಲವರ ಕೆಲಸ ಕಂಡು ಹೊಟ್ಟೆಕಿಚ್ಚು ಪಡುವುದೂ ಈ ಗೀಳಿನದೇ ಸುಖ. ಮೈಸೂರು ಸ್ಯಾಂಡಲ್ ಸೋಪಿನ ಶರಭಕ್ಕೆ ಆನೆಯ ತಲೆ, ಸಿಂಹದ ಮೈ. ಎರಡು ಪ್ರಾಣಿ ಕೂಡಿಯೂ ಕಣ್ಣಿಗೆ ಒಂದೇ ಆಕಾರ. 1971ರಲ್ಲಿ ಶೇಖರ್ ಕಾಮತ್ ಸ್ಟೇಟ್ ಬ್ಯಾಂಕಿಗೆ ಕೊಟ್ಟದ್ದು ಒಂದು ವೃತ್ತ, ನಡುವೆ ಕಿಂಡಿ, ಅಲ್ಲಿಂದ ಕೆಳಕ್ಕೊಂದು ಸೀಳು. ಪಾಸ್‌ಬುಕ್ಕಿನ ಮೇಲೂ ಕಟ್ಟಡದ ನೆತ್ತಿಯಲ್ಲೂ ಅದು ಒಂದೇ ಥರ ಗುರುತು ಸಿಗುತ್ತದೆ. ಅದೇ ವರ್ಷ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಕ್ಯಾರೊಲಿನ್ ಡೇವಿಡ್ಸನ್ ಎಂಬ ವಿದ್ಯಾರ್ಥಿನಿ ನೈಕಿ ಕಂಪನಿಗೆ ಬಾಗಿದ ಗೆರೆಯೊಂದನ್ನು ಎಳೆದುಕೊಟ್ಟು 35 ಡಾಲರ್ ಪಡೆದರು. ಈ ಕತೆಯನ್ನು ಗಿರಾಕಿಗಳೆದುರು ಎತ್ತಬಾರದು, ಚೌಕಾಸಿ ಅಲ್ಲಿಂದಲೇ ಶುರುವಾಗುತ್ತದೆ. ಎತ್ತಿದರೆ, 1983ರಲ್ಲಿ ಕಂಪನಿ ಅವರಿಗೆ ಷೇರುಗಳನ್ನೂ ಕೊಟ್ಟಿತೆಂದು ಮರೆಯದೆ ಸೇರಿಸಬೇಕು.

ಅಂಗಡಿ ಇಡುವವರಿಗೆ ನನ್ನದೊಂದು ಮಾತು. ಬಣ್ಣದ ಆಸೆ ಆಮೇಲಿರಲಿ. ಮೊದಲು ಕಪ್ಪು ಶಾಯಿಯಲ್ಲಿ ಬರೆಸಿ. ಬಿಲ್ ಪುಸ್ತಕದ ಸೀಲಿನಲ್ಲಿ, ಮೊಬೈಲಿನ ಪುಟ್ಟ ಡಿಪಿಯಲ್ಲಿ ಇಟ್ಟು ನೋಡಿ. ಅಲ್ಲಿ ಗುರುತು ಸಿಕ್ಕರೆ ಮಾತ್ರ ಹೂಂ ಅನ್ನಿ. ಹತ್ತಡಿ ಬೋರ್ಡು ನೋಡಿ ಒಪ್ಪಬೇಡಿ, ಅಷ್ಟು ದೊಡ್ಡದು ಮಾಡಿದರೆ ಯಾವ ಲೋಗೋ ಆದರೂ ಚೆಂದವೇ ಕಾಣುತ್ತದೆ.