ಚಾಲಕನ ನಿಯಂತ್ರಣ ತಪ್ಪಿ

ಹೋದ ವರ್ಷ ಒಂದು ಸಂಜೆ ಕೆ.ಆರ್. ಪೇಟೆಯಲ್ಲಿ ಸುದ್ದಿ ಮುಗಿಸಿ ಪಾಂಡವಪುರದ ಕಡೆ ಬೈಕಿನಲ್ಲಿ ಬರ್ತಿದ್ದೆ. ನಾಲೆ ಏರಿ ಮೇಲೆ ಕಣ್ಣು ಮುಚ್ಚಿಹೋಯ್ತು. ಎದುರಿಂದ ಬಂದ ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡೆದದ್ದಕ್ಕೆ ಎಚ್ಚರವಾಯ್ತು. ಮುಂದಿನ ಚಕ್ರದಿಂದ ನೀರಿಗೆ ಎರಡು ಮಾರು ಇತ್ತು ಅಷ್ಟೆ. ಕುಡಿದಿರಲಿಲ್ಲ, ಹಿಂದಿನ ರಾತ್ರಿ ಎಂಟು ಗಂಟೆ ಮಲಗಿದ್ದೆ.

2018ರ ನವೆಂಬರ್ 24ರಂದು ಕನಗನಮರಡಿ ಬಳಿ ವಿ.ಸಿ. ನಾಲೆಗೆ ಬಸ್ ಬಿದ್ದು 30 ಜನ ಸತ್ತಾಗ ದಡದಲ್ಲಿ ನಿಂತು ಸುದ್ದಿ ಕಳಿಸಿದವನು ನಾನು. ಆ ಅಪಘಾತಕ್ಕೂ ನಿದ್ದೆಗೂ ಗಂಟು ಹಾಕ್ತಿಲ್ಲ. ನಾಲೆ ಅಂದ್ರೆ ಏನು ಅಂತ ನನಗೆ ಗೊತ್ತು, ಅದಕ್ಕೇ ಹೇಳಿದೆ.

ಮನೆಯಲ್ಲಿ ಹೇಳಿದರೆ ಅವ್ವ ನಕ್ಕಳು. 'ನಿಮ್ಮಪ್ಪನ ನಿದ್ದೆನೇ ನಿಂಗೂ ಬಂದದೆ ಬುಡು.' ಅಪ್ಪ ಊಟದ ತಟ್ಟೆ ಮುಂದೆಯೂ ತೂಕಡಿಸೋರು. ತಾತ ಆಲೆಮನೆ ಒಲೆ ಮುಂದೆ ಕೂತಲ್ಲೇ ಗೊರಕೆ ಹೊಡೀತಿದ್ದರಂತೆ. ನಮ್ಮ ಮನೇಲಿ ಗೊರಕೆ ಅಂದ್ರೆ ಗಡದ್ದು ನಿದ್ದೆ, ದುಡಿದವನ ನಿದ್ದೆ.

ಹೆಂಡತಿ ಮಾತ್ರ ನಗಲಿಲ್ಲ. 'ನೀವು ಗೊರಕೆ ಹೊಡೆದ್ರೆ ಭಯ ಇಲ್ಲ. ಗೊರಕೆ ನಿಂತೋಯ್ತದಲ್ಲ, ಆಗ ಭಯ ಆಯ್ತದೆ' ಅಂದಳು. ಒಂದು ರಾತ್ರಿ ಫೋನಿನಲ್ಲಿ ರೆಕಾರ್ಡ್ ಮಾಡಿದಳು. ಗೊರಕೆ ಏರುತ್ತೆ, ಏರುತ್ತೆ, ಥಟ್ಟನೆ ನಿಲ್ಲುತ್ತೆ. ಇಪ್ಪತ್ತು ಎಣಿಸೋವರೆಗೆ ಸದ್ದಿಲ್ಲ. ಆಮೇಲೆ ಮುಳುಗಿದವನು ಮೇಲೆ ಬಂದ ಹಾಗೆ ಒಂದು ದೊಡ್ಡ ಉಸಿರು.

ಇದಕ್ಕೆ ಸ್ಲೀಪ್ ಅಪ್ನಿಯಾ ಅಂತಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ. ರಕ್ತದಲ್ಲಿ ಆಮ್ಲಜನಕ ಇಳೀತಿದ್ದ ಹಾಗೆ ಮಿದುಳು ಗಾಬರಿಯಾಗಿ ಎಬ್ಬಿಸುತ್ತೆ. ಎದ್ದದ್ದು ನಮಗೆ ನೆನಪಿರಲ್ಲ. ಕನಿಷ್ಠ 10 ಸೆಕೆಂಡ್ ಉಸಿರು ನಿಂತರೆ ಲೆಕ್ಕಕ್ಕೆ ಬರುತ್ತೆ. ಉಸಿರು ನಿಲ್ಲೋದು, ಅರ್ಧ ಕಟ್ಟೋದು ಎರಡೂ ಸೇರಿ ಗಂಟೆಗೆ 30 ದಾಟಿದರೆ ತೀವ್ರ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಒಂದು ರಾತ್ರಿ ವೈರು ಅಂಟಿಸಿಕೊಂಡು ಮಲಗಿದೆ. ನನ್ನದು 38.

'ಇದು ವಂಶದ್ದಾ?' ಅಂತ ಕೇಳಿದೆ. ಅರ್ಧ ಹೌದು ಅಂದರು ಡಾಕ್ಟರು. ದವಡೆ ಚಿಕ್ಕದಾಗಿರೋದು, ಕತ್ತಿನ ಸುತ್ತ ಕೊಬ್ಬು ಕೂರೋದು, ಇವೆಲ್ಲ ರಕ್ತದಲ್ಲಿ ಬರುತ್ತವೆ. ಅವಳಿಗಳ ಮೇಲಿನ ಅಧ್ಯಯನಗಳಲ್ಲೂ ಗೊರಕೆಗೆ, ಹಗಲಿನ ತೂಕಡಿಕೆಗೆ ಅನುವಂಶಿಕತೆಯ ಪಾಲು ಸುಮಾರು ಅರ್ಧ ಅಂತ ಕಂಡಿದೆ. ಹಾಗಂತ ಎಲ್ಲಾ ತಾತನ ತಲೆಗೆ ಕಟ್ಟೋಕಾಗಲ್ಲ. ತಾತ ಕಡ್ಡಿ ಹಂಗಿದ್ದರು. ನಾನು ಈ ಕೆಲಸಕ್ಕೆ ಸೇರಿದ ಮೇಲೆ 14 ಕೆ.ಜಿ. ಏರಿದ್ದೀನಿ. ನಾಗಮಂಗಲದ ಬಾಡೂಟ, ಶ್ರೀರಂಗಪಟ್ಟಣದ ರಾತ್ರಿ ಪಾರ್ಟಿ, ಯಾವುದನ್ನೂ ಬಿಟ್ಟವನಲ್ಲ. ಶೇಕಡ 10ರಷ್ಟು ತೂಕ ಏರಿದವರಿಗೆ ಈ ಕಾಯಿಲೆ ಜೋರಾಗಿ ಬರುವ ಸಾಧ್ಯತೆ ಆರು ಪಟ್ಟು ಅಂತ 2000ದಲ್ಲೇ ಅಮೆರಿಕದ ವಿಸ್ಕಾನ್ಸಿನ್ ಅಧ್ಯಯನ ಹೇಳಿತ್ತು. ಮಲಗೋ ಮುಂಚಿನ ಎಣ್ಣೆ ಗಂಟಲನ್ನು ಇನ್ನೂ ಸಡಿಲ ಮಾಡುತ್ತೆ.

ತೂಕಡಿಸೋರಿಗೆಲ್ಲ ಇದೇ ಕಾಯಿಲೆ ಅಂತಲ್ಲ. ತ್ರೀಫೇಸ್ ಕರೆಂಟು ನಡುರಾತ್ರಿ ಬಂದರೆ ಮೋಟರ್ ಹಾಕೋಕೆ ಎದ್ದು ಹೋಗೋರು ಹಗಲಲ್ಲಿ ತೂಕಡಿಸದೆ ಇನ್ನೇನು ಮಾಡ್ತಾರೆ? ಅವರಿಗೆ ನಾಲ್ಕು ದಿನ ನೆಮ್ಮದಿಯಾಗಿ ಮಲಗೋಕೆ ಬಿಟ್ಟರೆ ಸರಿಹೋಗುತ್ತೆ. ನನ್ನಂಥವರು ಎಷ್ಟು ಮಲಗಿದರೂ ಅಷ್ಟೆ.

ಈಗ ಮೂಗಿಗೆ ಗಾಳಿ ಒತ್ತೋ ಮೆಷಿನ್ ಹಾಕಿಕೊಂಡು ಮಲಗ್ತೀನಿ. ಸಿಪ್ಯಾಪ್ ಅಂತಾರೆ. ದುಡ್ಡಿಗೆ ಸೊಸೈಟಿಯಲ್ಲಿ ಸಾಲ ಮಾಡಿದೆ. ಮಗಳು ಆನೆ ಸೊಂಡಿಲು ಅಂತಾಳೆ. ಮೊದಲನೇ ವಾರವೇ ಬೈಕಿನ ಮೇಲಿನ ತೂಕಡಿಕೆ ಹೋಯ್ತು.

ಆದರೆ ನನ್ನ ಹಳೇ ವರದಿಗಳನ್ನು ತೆಗೆದು ನೋಡಿದಾಗ ಹೊಟ್ಟೆ ತೊಳಸಿದ ಹಾಗಾಯ್ತು. ನಾಲ್ಕು ತಾಲ್ಲೂಕಿನ ಅಪಘಾತಗಳು. ಪ್ರತಿಯೊಂದರಲ್ಲೂ 'ಚಾಲಕನ ನಿಯಂತ್ರಣ ತಪ್ಪಿ' ಅಂತ ಬರೆದಿದ್ದೀನಿ. ಅವನಿಗೆ ನಿದ್ದೆ ಬಂದಿತ್ತಾ, ಗೊರಕೆ ಇತ್ತಾ ಅಂತ ಅವರ ಮನೆಯವರನ್ನು ಒಂದು ಸಲವೂ ಕೇಳಿಲ್ಲ.

ಅಪ್ಪನಿಗೆ ಈಗ ಅರವತ್ತೊಂದು. ಕಬ್ಬು ಅರೆಯೋ ಕಾಲದಲ್ಲಿ ಈಗಲೂ ಫ್ಯಾಕ್ಟರಿಗೆ ಟ್ರ್ಯಾಕ್ಟರ್ ಹೊಡೀತಾರೆ, ರಾತ್ರಿಯೆಲ್ಲ ಸಾಲಲ್ಲಿ ನಿಲ್ತಾರೆ. ಪರೀಕ್ಷೆ ಅಂದರೆ 'ನಂಗೇನ್ ಆಗದೆ? ನಿದ್ದೆ ಬತ್ತದೆ, ಮನೀಕತೀನಿ' ಅಂತ ಎದ್ದು ಹೋಗೋರು. ಮೊನ್ನೆ ಅವರ ಗೊರಕೆಯನ್ನೇ ರೆಕಾರ್ಡ್ ಮಾಡಿ ಜಗಲಿ ಮೇಲೆ ಕೂರಿಸಿ ಕೇಳಿಸಿದೆ. ಮೊದಲು ನಕ್ಕರು. ಸದ್ದು ನಿಂತಾಗ ನಗು ನಿಂತಿತು. ಫೋನಿನ ಕಡೆ ಬಗ್ಗಿ ಕಾದರು. ಉಸಿರು ವಾಪಸ್ ಬಂದ ಮೇಲೆ ಬೀಡಿ ಕೆಳಗಿಟ್ಟು, 'ಮೈಸೂರ್‌ಗೆ ಯಾವಾಗ ಹೋಯ್ತೀಯ ಮಗ?' ಅಂದರು.

ಮುಂದಿನ ಬುಧವಾರಕ್ಕೆ ದಿನ ಸಿಕ್ಕಿದೆ. ಅಲ್ಲೀವರೆಗೆ ಟ್ರ್ಯಾಕ್ಟರ್ ಕೀ ಅವ್ವನ ಸೊಂಟದಲ್ಲಿದೆ.