ನಿಲ್ಲದ ಪೆಡಲು

ನವರಾತ್ರಿ ಕಳೆದ ವಾರ, ಬೆಂಗಳೂರಿನಿಂದ ಬಂದ ಮೊಮ್ಮಗನು ಹುಲಿಕಲ್ಲಿನ ಮನೆಯ ಅಂಗಳಕ್ಕೆ ಹೊಸ ಸೈಕಲ್ಲೊಂದನ್ನು ತಳ್ಳಿಕೊಂಡು ಬಂದಾಗ, ಅಜ್ಜಯ್ಯನವರು ಎಲೆಯಡಿಕೆಯ ತಟ್ಟೆಯನ್ನು ಬದಿಗೆ ಸರಿಸಿ ಜಗಲಿಯಿಂದ ಇಳಿದರು. ಸೈಕಲ್ಲಿಗೆ ಮಡ್ಗಾರ್ಡಿಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲೂ ಇಲ್ಲ. ಬ್ರೇಕು ಮುಂದಿನ ಚಕ್ರಕ್ಕೆ ಮಾತ್ರ. ಇಷ್ಟನ್ನೂ ಅವರು ಕ್ಷಮಿಸಿಯಾರು. ಆದರೆ ಸೈಕಲ್ಲನ್ನು ಒಂದಿಷ್ಟು ಹಿಂದಕ್ಕೆ ತಳ್ಳಿ ನೋಡಿದಾಗ ಪೆಡಲೂ ಹಿಂದಕ್ಕೆ ತಿರುಗಿತು. ಮುಂದಕ್ಕೆ ತಳ್ಳಿದರೆ ಮುಂದಕ್ಕೆ.

"ಇದಕ್ಕೆ ಬಿಡುವೇ ಇಲ್ಲವಲ್ಲೋ ಮಾಣಿ?" ಎಂದರು.

"ಇಲ್ಲ ಅಜ್ಜಯ್ಯ, ಇದು ಇರುವುದೇ ಹಾಗೆ."

ಅಜ್ಜಯ್ಯನವರ ಬಳಿ ಒಂದು ಕಾಲಕ್ಕೆ ಕಪ್ಪು ಬಣ್ಣದ, ಸರಳು ಬ್ರೇಕಿನ ಸೈಕಲ್ಲಿತ್ತು. ಏರನ್ನು ಬೆವರಿಳಿಸಿ ಹತ್ತಿದವನಿಗೆ ಇಳಿಜಾರಿನಲ್ಲಿ ದೊರೆಯುತ್ತಿದ್ದ ಸುಖ ಎಂಥದು! ಕಾಲುಗಳೆರಡನ್ನೂ ಸುಮ್ಮನೆ ಇರಿಸಿ, ಹಿಂದಿನ ಚಕ್ರದ ಕಟಕಟ ಸದ್ದನ್ನು ಕೇಳುತ್ತ, ತಂಗಾಳಿಗೆ ಮುಖವೊಡ್ಡಿ ಸಾಗುವುದು. ಆ ಕಟಕಟ ಸದ್ದೇ ಫ್ರೀವೀಲಿನದು. ಅದಿಲ್ಲದ ಈ ಫಿಕ್ಸ್ಡ್ ಗೇರ್ ಸೈಕಲ್ಲಿನಲ್ಲಿ ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು.

ನಿಜ ಹೇಳಬೇಕೆಂದರೆ ಹಳೆಯದು ಇದೇ. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ರೋವರ್ ಎಂಬ ಸೈಕಲ್ಲನ್ನು ಹೊರತಂದನು. ಇಂದಿನ ಸೈಕಲ್ಲುಗಳೆಲ್ಲ ಅದರ ಸಂತತಿ. ಅದರಲ್ಲಿಯೂ ಕಾಲಿಗೆ ಬಿಡುವಿರಲಿಲ್ಲ. ಫ್ರೀವೀಲು ಬಳಕೆಗೆ ಬಂದುದು ಆ ಶತಮಾನದ ಕೊನೆಯ ವರ್ಷಗಳಲ್ಲಿ. ಆಮೇಲೂ ಹಳೆಯ ಪದ್ಧತಿ ಉಳಿದುಕೊಂಡಿರುವುದು ಪಂದ್ಯದ ವರ್ತುಲಪಥಗಳಲ್ಲಿ. ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಹೋಗಿ ಪದಕ ತಂದ ತರುಣ ತರುಣಿಯರು ಅಲ್ಲಿ ಓಡಿಸುವುದು ಇಂಥ ಸೈಕಲ್ಲನ್ನೇ, ಅದೂ ಬ್ರೇಕಿಲ್ಲದೆ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುವವರು. ಅಡ್ಡ ಬರುವ ದನವಿಲ್ಲ, ಎದುರು ಬರುವ ಲಾರಿಯಿಲ್ಲ. ಆ ಬ್ರೇಕಿಲ್ಲದ ಸೈಕಲ್ಲನ್ನು ಬೀದಿಗೆ ತಂದು ಮೆರೆಯುವ ಗೀಳು ಮಾತ್ರ ಬೇರೆ ಮಾತು. 2016ರಲ್ಲಿ ಲಂಡನ್ನಿನ ರಸ್ತೆಯೊಂದರಲ್ಲಿ ಮುಂದಿನ ಬ್ರೇಕಿಲ್ಲದ ಇಂಥದೊಂದು ಸೈಕಲ್ಲು ಬಡಿದು ದಾರಿ ದಾಟುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು. ಸವಾರನಿಗೆ ಮರುವರ್ಷ ಸೆರೆವಾಸವಾಯಿತು.

ಮೊಮ್ಮಗನು ಮುಂದಿನ ಬ್ರೇಕನ್ನು ಹಾಕಿಸಿಕೊಂಡಿದ್ದನು, ಅಷ್ಟರಮಟ್ಟಿಗೆ ಬುದ್ಧಿವಂತ. ಆದರೆ ಕಲಿತುದು ಇನ್ನೂ ಅರೆಬರೆ. ಅಡಿಕೆಯ ಕೊಯ್ಲು ಆರಂಭವಾಗಿರಲಿಲ್ಲವಾದ್ದರಿಂದ ಅಂಗಳವು ಖಾಲಿಯಿತ್ತು. ಅವನು ತುಳಸಿಕಟ್ಟೆಯನ್ನು ಸುತ್ತತೊಡಗಿದನು. ಪ್ರದಕ್ಷಿಣೆಯ ಪುಣ್ಯವಾದರೂ ಬರಲಿ ಎಂದು ಅಜ್ಜಿ ಒಳಗಿನಿಂದಲೇ ಅಂದರು.

ಈ ಸೈಕಲ್ಲಿನಲ್ಲಿ ಕಲಿಯುವುದಕ್ಕಿಂತ ಮರೆಯುವುದೇ ಕಷ್ಟ. ಬಾಲ್ಯದಿಂದ ಸೈಕಲ್ಲು ತುಳಿದವನಿಗೆ, ನಿಲ್ಲಬೇಕೆಂದಾಗ ಮೊದಲು ಕಾಲು ನಿಲ್ಲಿಸುವುದು ರಕ್ತಗತವಾದ ಅಭ್ಯಾಸ. ಇಲ್ಲಿ ಕಾಲು ನಿಲ್ಲಿಸಿದರೆ ಚಕ್ರ ಒಪ್ಪುವುದಿಲ್ಲ. ಏರಿ ಬರುವ ಪೆಡಲು ಸವಾರನನ್ನೇ ಸೀಟಿನಿಂದ ಎತ್ತಿ ಒಗೆಯುತ್ತದೆ. ಮೊದಲ ದಿನ ಅವನು ಹಾಗೆ ಮೂರು ಸಲ ಬಿದ್ದನು. ವೇಗ ತಗ್ಗಿಸಲು ಮೇಲೇರುವ ಪೆಡಲಿನ ಮೇಲೆ ಮೆಲ್ಲಗೆ ಭಾರ ಹಾಕಿ ತಡೆಯಬೇಕು. ಜೊತೆಗೆ ಮುಂದಿನ ಬ್ರೇಕನ್ನು ಹದವಾಗಿ ಹಿಡಿಯಬೇಕು. ಹತ್ತುವಾಗಲೂ ಹಾಗೆಯೇ: ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಪೆಡಲನ್ನು ಬೇಕಾದ ಎತ್ತರಕ್ಕೆ ತಿರುಗಿಸಿಕೊಳ್ಳಬೇಕು. ತಿರುವಿನಲ್ಲಿ ತೀರ ವಾಲಿದರೆ ಒಳಬದಿಯ ಪೆಡಲು ನೆಲಕ್ಕೆ ಬಡಿಯುತ್ತದೆ, ಅದನ್ನು ಮೇಲೆ ನಿಲ್ಲಿಸಿಕೊಳ್ಳುವ ಸೌಕರ್ಯವಿಲ್ಲವಲ್ಲ! ಚೈನು ಸಡಿಲಾಗಿ ಕಳಚಿತೋ, ಕಾಲಿನ ತಡೆಯೂ ಹೋಯಿತು. ಪ್ಯಾಂಟಿನ ಅಂಚು, ಬೂಟಿನ ದಾರ ಎಲ್ಲವನ್ನೂ ಬಿಗಿಯಾಗಿ ಸಿಕ್ಕಿಸಿಕೊಳ್ಳಬೇಕು.

ಒಂದು ಸಂಜೆ ಅವನು ಚಕ್ರವನ್ನು ತಿರುಗಿಸಿ ಬಿಟ್ಟು ಬಟ್ಟೆಯಿಂದ ಚೈನು ಒರೆಸಲು ಹೋದಾಗ ಅಜ್ಜಯ್ಯನವರು ಗದರಿದರು. "ಆಲೆಮನೆಯ ಗಾಣಕ್ಕೆ ಬೆರಳು ಕೊಟ್ಟವರನ್ನು ಕಂಡಿದ್ದೇನೆ. ಚಕ್ರ ನಿಲ್ಲಿಸಿ ಒರೆಸು." ಫ್ರೀವೀಲಿನ ಚೈನು ಬೆರಳು ಸಿಕ್ಕಿದರೆ ನಿಂತೀತು; ಇದು ಬೆರಳನ್ನು ಒಯ್ಯುತ್ತದೆ. ಮುದುಕರು ಸೈಕಲ್ಲಿನ ಮರ್ಮವನ್ನು ಎರಡೇ ದಿನದಲ್ಲಿ ಹಿಡಿದಿದ್ದರು.

ಆರನೆಯ ದಿನ ಅವನ ಮನಸ್ಸು ಘಾಟಿಗೆ ಹಾರಿತು. ಹುಲಿಕಲ್ಲಿನಿಂದ ಹೊಸಂಗಡಿಗೆ ಇಳಿಯುವ ದಾರಿಯೇ ಬಾಳೆಬರೆ ಘಾಟಿ. 1956ರವರೆಗೆ ಮೇಲೆ ಮೈಸೂರು ಸೀಮೆ, ಕೆಳಗೆ ಮದರಾಸಿಗೆ ಸೇರಿದ ದಕ್ಷಿಣ ಕನ್ನಡ. ಮಳೆಯ ಲೆಕ್ಕದಲ್ಲಿ ಆಗುಂಬೆಯೊಡನೆ ಪೈಪೋಟಿ ನಡೆಸುವ ಊರು ಇದು. ಮಳೆಗಾಲ ಮುಗಿದರೂ ರಸ್ತೆಯಂಚಿನ ಪಾಚಿ ಒಣಗಿರುವುದಿಲ್ಲ.

ಅಜ್ಜಯ್ಯನವರು ಬೇಡವೆನ್ನಲಿಲ್ಲ. ಲೆಕ್ಕ ಹಾಕಿಸಿದರು. ಮುಂದಿನ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 18. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಸುಮಾರು ಐದೂವರೆ ಮೀಟರು ಹೋಗುತ್ತದೆ. ಗಂಟೆಗೆ 40 ಕಿಲೋಮೀಟರು ವೇಗವಾದರೆ ಕಾಲು ನಿಮಿಷಕ್ಕೆ 120 ಸುತ್ತು.

"ಸೆಕೆಂಡಿಗೆ ಎರಡು. ನಿನ್ನ ಕಾಲು ತಿರುಗೀತೋ?"

"ಬ್ರೇಕಿದೆಯಲ್ಲ ಅಜ್ಜಯ್ಯ."

"ಹಾಗಾದರೆ ಮೊದಲ ತಿರುವಿನವರೆಗೆ ಹೋಗಿ ಬಾ."

ಮೊದಲ ತಿರುವು ಚೆನ್ನಾಗಿಯೇ ಕಳೆಯಿತು. ಅದೇ ಕೆಟ್ಟದ್ದಾಯಿತೆನ್ನಬೇಕು, ಅವನು ಹಿಂದಿರುಗಲಿಲ್ಲ. ಮುಂದಿನ ಇಳಿಜಾರಿನಲ್ಲಿ ಪೆಡಲುಗಳು ಕಾಲನ್ನು ಎಳೆದೆಳೆದು ತಿರುಗಿಸತೊಡಗಿದುವು. ಅವನು ಬಲವಾಗಿ ತಡೆದನು. ಒದ್ದೆ ಎಲೆಗಳ ಮೇಲೆ ಹಿಂದಿನ ಚಕ್ರ ಜಾರಿತು. ಬೆದರಿ ತಡೆ ಸಡಿಲಿಸಿದೊಡನೆ ಎಡಗಾಲು ಪಟ್ಟಿಯಿಂದ ಕಳಚಿತು, ಪೆಡಲು ಮೊಣಕಾಲಿನ ಕೆಳಗಿನ ಎಲುಬಿಗೆ ಎರಡು ಬಾರಿ ಬಡಿಯಿತು. ಕೆಳಗಿನಿಂದ ಲಾರಿಯೊಂದು ಏದುಸಿರು ಬಿಡುತ್ತ ಏರುತ್ತಿತ್ತು. ಮುಂದಿನ ಬ್ರೇಕನ್ನು ಒಮ್ಮೆಲೇ ಅದುಮದೆ ಬಿಟ್ಟು ಬಿಟ್ಟು ಹಿಡಿಯುವಷ್ಟು ಎಚ್ಚರ ಆಗ ಹೇಗೆ ಉಳಿದಿತ್ತೋ! ಗುಡ್ಡದ ಬದಿಯ ಚರಂಡಿಗೆ ಒರಗಿ ಸೈಕಲ್ಲು ನಿಂತಿತು. ಇನ್ನೊಂದು ಬದಿಯಲ್ಲಿ ಕಣಿವೆ.

ಲಾರಿಯ ಚಾಲಕನು ಗಾಡಿ ನಿಧಾನಿಸಿ, ನೆತ್ತರು ಸೋರುವ ಕಾಲನ್ನು ನೋಡಿ, "ಹತ್ತಿಕೊಳ್ಳಿ, ಮೇಲೆ ಬಿಡುತ್ತೇನೆ" ಎಂದನು. ಹುಡುಗನು ಬೇಡವೆಂದು ಸೈಕಲ್ಲನ್ನು ತಳ್ಳಿಕೊಂಡೇ ಏರಿದನು. ಅಜ್ಜಯ್ಯನವರು ಮೊದಲ ತಿರುವಿನ ಮೋರಿಯ ಕಟ್ಟೆಯ ಮೇಲೆ, ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಕಾಲನ್ನು ನೋಡಿದರು, ಏನೂ ಹೇಳಲಿಲ್ಲ. ಸೈಕಲ್ಲಿನ ಒಂದು ಕಡೆಯನ್ನು ತಾವು ಹಿಡಿದರು. ಮನೆಯಲ್ಲಿ ಅಜ್ಜಿ ಅರಿಸಿನವನ್ನೂ ಬೈಗಳನ್ನೂ ಸಮವಾಗಿಯೇ ಹಚ್ಚಿದರು.

ಎರಡು ದಿನ ಕಳೆದು, ಬೆಳಗಿನ ಕಾಫಿಗೆ ಮುಂಚೆ ಅವನು ಮತ್ತೆ ತುಳಸಿಕಟ್ಟೆಯನ್ನು ಸುತ್ತುತ್ತಿದ್ದನು, ಮೊದಲಿಗಿಂತಲೂ ನಿಧಾನವಾಗಿ, ಬ್ರೇಕನ್ನು ಮುಟ್ಟದೆ, ಕಾಲಿನಿಂದಲೇ ತಡೆದು ನಿಲ್ಲಿಸಿ ಮತ್ತೆ ಹೊರಡುತ್ತ. ಜಗಲಿಯಿಂದ ಅಜ್ಜಯ್ಯನವರು ಎಣಿಸುತ್ತಿದ್ದರು: "ಹದಿನೇಳು... ಹದಿನೆಂಟು... ಈ ಸಲ ಕಾಲು ಬಿಗಿದೆ, ಅದು ಲೆಕ್ಕಕ್ಕಿಲ್ಲ."