ಸರದಿ ತಪ್ಪಿಸಿದವನು

ನನ್ನ ಕಾಲೇಜು ಗೆಳೆಯರು ನನ್ನಿಂದ ದೂರವಾದದ್ದು ಜಗಳದಿಂದಲ್ಲ, ಕೊಟ್ಟು ತೆಗೆದುಕೊಂಡ ಸಾಲದಿಂದಲೂ ಅಲ್ಲ. ಪ್ರತಿ ಸಲವೂ ಹೋಟೆಲಿನ ಬಿಲ್ಲನ್ನು ನಾನೇ ಕೊಟ್ಟದ್ದರಿಂದ. ಇದು ತಿಳಿಯುವ ಹೊತ್ತಿಗೆ ತಲೆಗೂದಲು ನರೆತಿತ್ತು. ತಿಳಿದ ಮೇಲೂ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಗೆಳೆಯರಿಗೆ ಊಟ ಹಾಕಿಸುವುದು ಅದು ಹೇಗೆ ತಪ್ಪಾದೀತು ಎಂದು ಹೆಂಡತಿಯ ಹತ್ತಿರ ವಾದಿಸುತ್ತಿದ್ದೆ.

ನಾವು ಮೂವರು ಓದಿದ್ದು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ. 1940ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಶುರುವಾಗಿ, ತುಂಗೆಯ ದಡದಲ್ಲಿ ಬೆಳೆದು, ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳಿಗೆ ಮೊದಲ ಪದವೀಧರನನ್ನು ಕೊಟ್ಟ ಕಾಲೇಜು ಅದು. ನಮ್ಮ ಮನೆಯೂ ಅವುಗಳಲ್ಲಿ ಒಂದು. ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿರಲಿಲ್ಲ, ಊರೇ ಹೆಸರು. ನಾನು ‘ಹೊಳಲೂರು’, ಒಬ್ಬ ‘ಭದ್ರಾವತಿ’, ಇನ್ನೊಬ್ಬ ‘ಕೂಡ್ಲಿ’. ಭದ್ರಾವತಿಯ ಭದ್ರೆಯೂ ಶಿವಮೊಗ್ಗದ ತುಂಗೆಯೂ ಕೂಡ್ಲಿಯಲ್ಲಿ ಸೇರಿ, ತುಂಗಭದ್ರೆಯಾಗಿ ನಮ್ಮ ಹೊಳಲೂರಿನ ಸೀಮೆ ಹಾಯ್ದು ಹೊನ್ನಾಳಿಯತ್ತ ಹರಿಯುತ್ತದೆ. ಒಂದೇ ಹೊಳೆಯ ನೀರು ಕುಡಿದವರು ಎಂದು ಹೇಳಿಕೊಳ್ಳುವುದರಲ್ಲಿ ನಮಗೊಂದು ಹೆಮ್ಮೆಯಿತ್ತು.

ಹೋಟೆಲಿಗೆ ಹೋಗುವುದು ನಮಗೆ ದಿನನಿತ್ಯದ ಮಾತಾಗಿರಲಿಲ್ಲ. ಭದ್ರಾವತಿಯವನ ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. 1923ರಲ್ಲಿ ಮೊದಲ ಕುಲುಮೆ ಉರಿದಂದಿನಿಂದ ಆ ಊರಿನ ತಿಂಗಳು ಕಾರ್ಖಾನೆಯ ಸಂಬಳದ ದಿನದಿಂದಲೇ ಆರಂಭವಾಗುತ್ತಿತ್ತು. ಹಾಗಾಗಿ ತಿಂಗಳ ಮೊದಲ ವಾರದಲ್ಲಿ ಅವನ ಜೇಬಿನಲ್ಲಿ ನಾಲ್ಕು ಕಾಸು. ಕೂಡ್ಲಿಯವನದು ಸಣ್ಣ ಅಡಿಕೆ ತೋಟ, ಕೊಯ್ಲು ಮುಗಿದು ಮಂಡಿಗೆ ಮಾಲು ಹೋದಾಗ ಅವನ ಕಾಲ. ನಮ್ಮ ಮನೆಯಲ್ಲಿ ಭತ್ತ ಮತ್ತು ಎಮ್ಮೆ. ಅವ್ವ ಹಾಲಿನ ದುಡ್ಡಿನಲ್ಲಿ ಉಳಿಸಿ ಕೊಟ್ಟದ್ದು ನನ್ನ ಬಂಡವಾಳ. ಯಾರ ಹತ್ತಿರ ಇದೆಯೋ ಅವರು ‘ಈ ಸಲ ನಂದು ಕಣ್ರೋ’ ಎನ್ನುತ್ತಿದ್ದರು. ಬಿ.ಎಚ್. ರಸ್ತೆಯ ಮೀನಾಕ್ಷಿ ಭವನದಲ್ಲಿ ಮಸಾಲೆ ದೋಸೆ ಎಂದರೆ ಹಬ್ಬ. ಕೈ ಬರಿದಾದ ದಿನ ಟೂ ಬೈ ತ್ರೀ: ಎರಡು ಕಾಫಿ, ಮೂರು ಲೋಟ. ಮೂರರ ನೊರೆಯೂ ಒಂದೇ ಮಟ್ಟಕ್ಕೆ ಬರುವ ತನಕ ಭದ್ರಾವತಿ ಲೋಟದಿಂದ ಲೋಟಕ್ಕೆ ಸುರಿಯುತ್ತಲೇ ಇರುತ್ತಿದ್ದ. ಯಾರು ಎಷ್ಟು ಕೊಟ್ಟರು ಎಂಬ ಲೆಕ್ಕ ಯಾರೂ ಇಡಲಿಲ್ಲ. ಮುಂದಿನ ಸಲ ಯಾರದು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿರುತ್ತಿತ್ತು.

ಬೆಂಗಳೂರಿನಲ್ಲಿ ನನಗೆ ಒಳ್ಳೆಯ ಕೆಲಸ ಸಿಕ್ಕಿತು. ದೀಪಾವಳಿಗೋ ಯುಗಾದಿಗೋ ಊರಿಗೆ ಬಂದಾಗ ಇಬ್ಬರನ್ನೂ ಕರೆಯುತ್ತಿದ್ದೆ. ಜಾಗ ನಾನೇ ಆರಿಸುತ್ತಿದ್ದೆ, ತಣ್ಣನೆಯ ಗಾಳಿ ಬೀಸುವ ದೊಡ್ಡ ಹೋಟೆಲೇ ಆಗಬೇಕು. ಅವರಿಬ್ಬರೂ ಮೆನು ಹಿಡಿದರೆ ಕಣ್ಣು ಮೊದಲು ಬಲಗಡೆಯ ಬೆಲೆಗೆ ಹೋಗುತ್ತಿತ್ತು. ಭದ್ರಾವತಿ, ‘ನಂಗೆ ಹಸಿವಿಲ್ಲ, ಒಂದು ಸೂಪ್ ಸಾಕು’ ಎನ್ನುತ್ತಿದ್ದ. ನಾನು ಮೆನು ಕಿತ್ತುಕೊಂಡು ಮೂವರಿಗೂ ಹೇಳಿಬಿಡುತ್ತಿದ್ದೆ. ಕೊನೆಯಲ್ಲಿ ಸಪ್ಲೈಯರ್ ಬಿಲ್ಲನ್ನು ಸೋಂಪಿನ ತಟ್ಟೆಯೊಡನೆ ತಂದು, ಒಂದು ಗಳಿಗೆಯೂ ಯೋಚಿಸದೆ ನನ್ನ ಮುಂದೆ ಇಡುತ್ತಿದ್ದ. ಬಟ್ಟೆ ನೋಡಿಯೇ ಅವನಿಗೆ ತಿಳಿದುಹೋಗುತ್ತಿತ್ತು. ಅದರಿಂದ ನನಗೆ ಖುಷಿಯಾಗುತ್ತಿತ್ತು ಎಂಬುದನ್ನು ಈಗ ನಾಚಿಕೆಯಿಂದ ಹೇಳುತ್ತಿದ್ದೇನೆ.

ಒಂದು ಸಲ ಕೂಡ್ಲಿಯವನು ಅಂಗಿಯ ಜೇಬಿಗೆ ಕೈ ಹಾಕಿದ. ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದ ನೋಟುಗಳು. ಮನೆಯಿಂದ ಹೊರಡುವಾಗಲೇ ಇದಕ್ಕೆಂದು ತೆಗೆದಿಟ್ಟು ತಂದದ್ದು ಎಂದು ನೋಡಿದರೇ ಗೊತ್ತಾಗುತ್ತಿತ್ತು. ನಾನು ಅವನ ಮುಂಗೈ ಹಿಡಿದು, ‘ಇಡೋ ಒಳಗೆ, ನಿನ್ನ ಹತ್ರ ಎಲ್ಲಿಂದ ಬರುತ್ತೆ’ ಎಂದೆ. ಅವನು ಏನೂ ಹೇಳಲಿಲ್ಲ. ನೋಟುಗಳನ್ನು ಅದೇ ಮಡಿಕೆಯಲ್ಲಿ ಜೇಬಿಗೆ ಸೇರಿಸಿದ.

ಆಮೇಲೆ ನಾನು ಬಂದಾಗಲೆಲ್ಲ ಕೂಡ್ಲಿಯವನಿಗೆ ಅಡಿಕೆ ಸುಲಿಯುವುದಿರುತ್ತಿತ್ತು, ಭದ್ರಾವತಿಯವನಿಗೆ ಡ್ಯೂಟಿ. ಭದ್ರಾವತಿಯವನ ಸಂಬಳ ನಿಂತುಹೋದ ವರ್ಷ ಸುದ್ದಿ ಯಾರದೋ ಬಾಯಿಂದ ಕೇಳಿ ಫೋನ್ ಮಾಡಿದೆ. ‘ದುಡ್ಡಿನ ಚಿಂತೆ ಬಿಡು, ನಾನಿದ್ದೀನಿ’ ಎಂದೆ. ಅವನು ಮಾತು ಬದಲಿಸಿ ಮಳೆಯ ವಿಚಾರ ತೆಗೆದ. ಅವನ ಅಪ್ಪ ತೀರಿಕೊಂಡದ್ದು ನನಗೆ ತಿಳಿದದ್ದು ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ. ನಮ್ಮನ್ನು ಮಕ್ಕಳಂತೆ ಕಂಡು, ಹಬ್ಬಕ್ಕೆ ಕರೆದು ಉಣಿಸಿದವರು ಅವರು. ಕೂಡ್ಲಿಗೆ ಹೋಗಿ, ಯಾಕೆ ಹೇಳಲಿಲ್ಲ ಎಂದು ಅಲ್ಲಿನ ಗೆಳೆಯನ ಮೇಲೆ ರೇಗಿದೆ.

‘ಹೇಳಿದ್ರೆ ಖರ್ಚೆಲ್ಲ ನೀನೇ ವಹಿಸ್ಕೊಳ್ತಿದ್ದೆ ಮಾರಾಯ,’ ಎಂದ ಅವನು. ‘ಅಪ್ಪನ ಕಾರ್ಯಾನಾದ್ರೂ ಯಾರ ಹಂಗಿಲ್ದೆ ಮಾಡ್ಬೇಕು ಅಂತಿತ್ತು ಅವನಿಗೆ.’

ಅಂದು ಹೊನ್ನಾಳಿ ರಸ್ತೆಯಲ್ಲಿ ಹೊಳಲೂರಿಗೆ ವಾಪಸು ಬರುವಾಗ ನೆನಪಾದದ್ದು ನಮ್ಮ ಗದ್ದೆಯ ಮುಯ್ಯಾಳು. ನಾಟಿಯ ಹೊತ್ತಿನಲ್ಲಿ ಕೂಲಿಗೆ ದುಡ್ಡಿಲ್ಲದ ಮನೆಗಳು ಹಾಗೆಯೇ ನಾಟಿ ಮುಗಿಸುತ್ತಿದ್ದವು: ಇವತ್ತು ನಿಮ್ಮ ಗದ್ದೆಗೆ ನಮ್ಮಾಳು, ನಾಳೆ ನಮ್ಮ ಗದ್ದೆಗೆ ನಿಮ್ಮಾಳು. ಎಕರೆಗಟ್ಟಲೆ ಇದ್ದವನೂ ತುಂಡು ಗದ್ದೆಯವನೂ ಅದರಲ್ಲಿ ಸಮ. ಬಂದವರು ಕರೆದಾಗ ನಾವೂ ಹೋಗಲೇಬೇಕು. ‘ನೀವು ಬರೋದು ಬೇಡ, ನಾವೇ ಬರ್ತೀವಿ’ ಎಂದು ಪ್ರತಿ ವರ್ಷ ಯಾರಾದರೂ ಹೇಳಿದರೆ ಅದು ಉಪಕಾರವಲ್ಲ. ನಿಮ್ಮ ದುಡಿಮೆ ನಮಗೆ ಬೇಕಿಲ್ಲ ಎಂದು ಹೇಳಿದ ಹಾಗೆ. ನಾನು ಗೆಳೆಯರಿಗೆ ಮಾಡಿದ್ದು ಅದನ್ನೇ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೌಸ್ 1925ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಕೊಡುಗೆಗಳ ಬಗೆಗಿನದು. ಪೆಸಿಫಿಕ್ ದ್ವೀಪಗಳ, ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಬುಡಕಟ್ಟುಗಳನ್ನು ಮುಂದಿಟ್ಟುಕೊಂಡು ಅವನು ಮೂರು ಕಟ್ಟಲೆಗಳನ್ನು ಗುರುತಿಸಿದ: ಕೊಡಬೇಕು, ಕೊಟ್ಟದ್ದನ್ನು ಸ್ವೀಕರಿಸಬೇಕು, ಮರಳಿ ಕೊಡಬೇಕು. ಮರಳಿ ಕೊಡಲಾಗದವನು ಕೊಟ್ಟವನ ಮುಂದೆ ಕಿರಿಯನಾಗುತ್ತಾನೆ. ನನ್ನ ಗೆಳೆಯರಿಗೆ ಮರಳಿ ಕೊಡಲು ಆಗದೇ ಇರಲಿಲ್ಲ. ನಾನು ಬಿಡಲಿಲ್ಲ, ಅಷ್ಟೇ. ಮೂರು ಕಟ್ಟಲೆಗಳಲ್ಲಿ ನಾನು ಕಲಿಯದೇ ಉಳಿದದ್ದು ನಡುವಿನದು.

ನಮ್ಮ ನಾಡಿನ ಹೋಟೆಲಿನ ಹಿರಿಮೆಯೂ ಸಮನಾಗಿ ಕೂರಿಸುವುದರಲ್ಲಿದೆ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನಕ್ಕೆ ಆ ಹೆಸರು ಬಂದದ್ದು ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರಿಂದ. ಒಂದು ಕಾಲಕ್ಕೆ ಜಾತಿ ನೋಡಿ ಪಂಕ್ತಿ ಹಾಕುತ್ತಿದ್ದ ಸಮಾಜದಲ್ಲಿ, ಕಾಸು ಕೊಟ್ಟವರೆಲ್ಲ ಒಂದೇ ಮೇಜಿಗೆ ಕೂರುವ ದಿನಗಳು ನಿಧಾನವಾಗಿ ಬಂದವು. ಅಂಥ ಮೇಜಿನಲ್ಲಿ ನಾನು ಮತ್ತೆ ಮೇಲು ಕೀಳು ತಂದಿಟ್ಟಿದ್ದೆ.

ಕ್ಷಮೆ ಕೇಳುವುದು ಸುಲಭ, ಗೆಳೆಯರು ‘ಬಿಡೋ ಮಾರಾಯ’ ಎಂದು ಮುಗಿಸಿಬಿಡುತ್ತಾರೆ. ನಾನು ಬೇರೆಯದನ್ನೇ ಕೇಳಿದೆ. ‘ನಂಗೆ ದೋಸೆ ಕೊಡಿಸಿ, ನಿಮ್ಮ ಸರದಿ ಬಾಕಿ ಇದೆ’ ಎಂದೆ. ಇಬ್ಬರೂ ತಕ್ಷಣ ಬರಲಿಲ್ಲ. ಕರೆಯುತ್ತಲೇ ಇದ್ದೆ. ಕೊನೆಗೆ ಬಂದರು. ಜಾಗ ಅವರೇ ಆರಿಸಿದರು, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸಾಧಾರಣ ಹೋಟೆಲು. ಭದ್ರಾವತಿ ಬಿಲ್ಲು ತೆಗೆದುಕೊಂಡು ಕ್ಯಾಶ್ ಕೌಂಟರಿಗೆ ಹೋದಾಗ ನನ್ನ ಕೈ ತಾನಾಗಿ ಪರ್ಸಿನತ್ತ ಹೋಗುತ್ತಿತ್ತು, ಮೇಜಿನ ಅಂಚು ಹಿಡಿದು ಕೂತೆ. ಅವನು ಚಿಲ್ಲರೆ ಎಣಿಸಿಕೊಳ್ಳುತ್ತ ವಾಪಸು ಬಂದು, ‘ಇನ್ನೊಂದು ಕಾಫಿ ಕುಡಿಯೋಣ್ವಾ?’ ಎಂದು ಕೇಳಿದ. ಕಾಲೇಜು ಬಿಟ್ಟ ಮೇಲೆ ಅವನು ಹಾಗೆ ಕೇಳಿದ್ದು ಅದೇ ಮೊದಲು. ಮಾತು ಬೆಳೆಯಿತು. ಅಪ್ಪನ ಕೊನೆಯ ದಿನಗಳ ಬಗ್ಗೆ ಹೇಳಿದ.

ಎಲ್ಲವೂ ಮೊದಲಿನಂತಾಯಿತು ಎಂದು ಹೇಳಲಾರೆ. ಅವನ ಅಪ್ಪನಿಗೆ ಹೆಗಲು ಕೊಡುವ ಅವಕಾಶ ಇನ್ನು ಬರುವುದಿಲ್ಲ. ಆದರೆ ಮನೆಯಲ್ಲೂ ಈಗ ಎಚ್ಚರವಾಗಿದ್ದೇನೆ. ನನ್ನ ಅಪ್ಪನನ್ನು ಶಿವಮೊಗ್ಗಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಬಂದಾಗ ಕಾಫಿಯ ದುಡ್ಡು ಅವರೇ ಕೊಡುತ್ತಾರೆ. ಪಂಚೆಯ ಗಂಟಿನಿಂದ ನೋಟು ಬಿಡಿಸುವಷ್ಟು ಹೊತ್ತೂ ನಾನು ಸುಮ್ಮನೆ ನಿಂತಿರುತ್ತೇನೆ. ಮಗನಿಗೆ ಕಾಫಿ ಕೊಡಿಸುವ ಶಕ್ತಿ ಇನ್ನೂ ತಮಗಿದೆ ಎಂಬುದು ಅವರಿಗೆ ಬೇಕು.

ಹಳೆಯ ಸ್ನೇಹವನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ. ನಿಮಗಿಂತ ಕಡಿಮೆ ದುಡಿಯುವ ಗೆಳೆಯ ಜೇಬಿಗೆ ಕೈ ಹಾಕಿದಾಗ ತಡೆಯಬೇಡಿ. ಅವನ ಕೈಗೆಟಕುವ ಹೋಟೆಲಿಗೇ ಹೋಗಿ, ಅವನು ಕೊಡಿಸಿದ್ದನ್ನು ಹೊಟ್ಟೆ ತುಂಬ ತಿನ್ನಿ, ಚೆನ್ನಾಗಿತ್ತು ಎಂದು ಹೇಳಿ. ಮುಂದಿನ ಸರದಿ ನಿಮ್ಮದು. ಅದಕ್ಕೊಂದು ದಿನ ಗೊತ್ತು ಮಾಡಿಕೊಂಡೇ ಮೇಜಿನಿಂದ ಏಳಿ.